ಎಣ್ಣೆ-ಹುಳಿಗಳ ಕೂಟ

ಕಳೆದ ದೀಪಾವಳಿಯ ಸೂಟಿಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ಹತ್ತನೆಯ ಇಯತ್ತೆಯವರೆಗೆ ಇಲ್ಲಿಯೇ ಕನ್ನಡದಲ್ಲಿ ಕಲಿತು, ಈಗ ಪುಣೆಯ ಒಂದು ದೊಡ್ಡ ಉಪಾಹಾರಗೃಹದ ಅಡಿಗೆಮನೆಯಲ್ಲಿ ಕೆಲಸಕ್ಕಿರುವ ಹುಡುಗನು ಅವನು. ಕೆಲಸಕ್ಕೆ ಸೇರಿದ ಮೊದಲನೆಯ ವಾರದಲ್ಲಿಯೇ ಹಿರಿಯ ಅಡಿಗೆಯವರು ಅವನ ಮುಂದೆ ಎಣ್ಣೆಯ ಶೀಶೆ, ವಿನೆಗರಿನ ಶೀಶೆ, ಉಪ್ಪು, ಅರೆದ ಸಾಸಿವೆ ಇಷ್ಟನ್ನು ಇಟ್ಟು, ‘ವಿನೆಗ್ರೆಟ್ ಮಾಡು’ ಎಂದರಂತೆ. ಆ ಶಬ್ದವನ್ನು ಅವನು ಅದುವರೆಗೆ ಕೇಳಿರಲಿಲ್ಲ. ಪಕ್ಕದವರು ಕಣ್ಣಸನ್ನೆಯಿಂದ ತೋರಿಸಿದಷ್ಟನ್ನು ತಿಳಿದುಕೊಂಡು, ಮೊದಲು ಎಣ್ಣೆಯನ್ನು ಬಟ್ಟಲಿಗೆ ಸುರುವಿ, ಅದರಲ್ಲಿ ಉಪ್ಪನ್ನು ಹಾಕಿ ತಿರುವಿದನು. ಅನಂತರ ವಿನೆಗರನ್ನು ಒಮ್ಮೆಲೇ ಹೊಯ್ದನು. ಆ ರಸವನ್ನು ಹಾಕಿದ ಹಸಿ ಕಾಯಿಪಲ್ಯದ ತಾಟು ಒಂದು ತುತ್ತಿಗೆ ಸಪ್ಪೆ, ಇನ್ನೊಂದು ತುತ್ತಿಗೆ ಉಪ್ಪಿನ ಹರಳು ಎನ್ನುವಂತಾಗಿ ಗಿರಾಕಿಯಿಂದ ಹಿಂದಕ್ಕೆ ಬಂದಿತು. ‘ನೀನು ಯಾವ ಶಾಲೆಯಲ್ಲಿ ಕಲಿತವನು?’ ಎಂಬ ಪ್ರಶ್ನೆಯನ್ನೂ ಅವನು ಕೇಳಬೇಕಾಯಿತು.

ಇದನ್ನು ಅವನು ನಗುತ್ತಲೇ ಹೇಳಿದನು. ನಮಗೆ ಮಾತ್ರ ನಗು ಬರಲಿಲ್ಲ. “ಸರ್, ಉಪ್ಪು ಎಣ್ಣಿಯೊಳಗ ಕರಗೂದಿಲ್ಲಂತ ಪರೀಕ್ಷಾದಾಗ ಬರದಿದ್ನಿರಿ, ಅಡಗಿಮನ್ಯಾಗ ಮರತ್ಬಿಟ್ಟೆ” ಎಂದನು. ಅವನು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದನು. ಗುಣಗಳನ್ನು ಕೊಟ್ಟವರು ನಾವೇ. ಆದರೆ ದ್ರಾವಣಗಳ ಪಾಠವನ್ನು ನಾವು ಕರಿಹಲಗೆಯ ಮೇಲೆ ಮುಗಿಸಿದ್ದೆವೇ ಹೊರತು, ಒಂದು ಚಿಟಿಕೆ ಉಪ್ಪನ್ನು ಒಂದು ಚಮಚೆ ಎಣ್ಣೆಯಲ್ಲಿ ಹಾಕಿ ಆ ಹುಡುಗರ ಕಣ್ಣಿಗೆ ತೋರಿಸಿರಲಿಲ್ಲ. ಈ ಲೇಖನವು ಆ ಬಾಕಿಯನ್ನು ತೀರಿಸುವ ಪ್ರಯತ್ನವಾಗಿದೆ. ವಿದ್ಯಾರ್ಥಿಗಳು ಇದನ್ನು ಓದಿ ಪ್ರಯೋಗ ಮಾಡಿ ನೋಡಬೇಕು. ಪಾಲಕರು, ಅದರಲ್ಲಿಯೂ ತಾಯಂದಿರು, ಆ ಪ್ರಯೋಗವು ಮನೆಯ ಊಟಕ್ಕೂ ಉಪಯೋಗವಾಗುವದೆಂದು ತಿಳಿದು ಒಂದು ಬಟ್ಟಲನ್ನೂ ಸ್ವಲ್ಪ ಎಣ್ಣೆಯನ್ನೂ ಅವರಿಗೆ ಒದಗಿಸಬೇಕು.

ವಿನೆಗ್ರೆಟ್ ಎಂಬುದು ಫ್ರೆಂಚ್ ಶಬ್ದ. ಆ ಭಾಷೆಯಲ್ಲಿ ‘ವಿನ್’ ಎಂದರೆ ದ್ರಾಕ್ಷಿಯ ಮದ್ಯ, ‘ಎಗ್ರ್’ ಎಂದರೆ ಹುಳಿ. ಹುಳಿತ ಮದ್ಯವೇ ವಿನೆಗರ್. ಅದರಿಂದ ಮಾಡಿದ ಸಣ್ಣ ಪದಾರ್ಥವೇ ವಿನೆಗ್ರೆಟ್. ದ್ರಾಕ್ಷಿಯ ಮದ್ಯವನ್ನು ಗಾಳಿಗೆ ತೆರೆದಿಟ್ಟರೆ ಕೆಲವು ಸೂಕ್ಷ್ಮ ಜೀವಿಗಳು ಅದರ ಮೇಲೆ ತೆಳುವಾದ ಕೆನೆಯಂತೆ ಬೆಳೆದು, ಗಾಳಿಯಲ್ಲಿನ ಆಮ್ಲಜನಕದ ಸಹಾಯದಿಂದ ಮದ್ಯಸಾರವನ್ನು ಅಸಿಟಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಈ ಕ್ರಿಯೆಯನ್ನು ಲೂಯಿ ಪಾಸ್ತರನು ಆಳವಾಗಿ ಅಭ್ಯಾಸ ಮಾಡಿ 1868ರಲ್ಲಿ ವಿನೆಗರಿನ ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದನು. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ಕಂಡುಹಿಡಿದ ಪಾಸ್ತರನೇ ಇವನು. ಫ್ರಾನ್ಸದ ಓರ್ಲೆಯಾನ್ ಪಟ್ಟಣವು ಮರದ ಪೀಪಾಯಿಗಳಲ್ಲಿ ನಿಧಾನವಾಗಿ ಹುಳಿಸಿದ ವಿನೆಗರಿಗೆ ಹೆಸರಾದದ್ದು. ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ಗೋವೆಯಲ್ಲಿ ತೆಂಗಿನ ಸೇಂದಿಯಿಂದಲೂ, ಉತ್ತರ ಹಿಂದುಸ್ಥಾನದಲ್ಲಿ ಕಬ್ಬಿನ ಹಾಲಿನಿಂದಲೂ ನೇರಳೆಹಣ್ಣಿನಿಂದಲೂ ಇದನ್ನು ಮಾಡುತ್ತಾರೆ. ಪೇಟೆಯಲ್ಲಿ ‘ಸಿರ್ಕಾ’ ಎಂದು ಕರೆಯುವದು ಇದನ್ನೇ. ಅಡಿಗೆಯ ವಿನೆಗರಿನಲ್ಲಿ ಸಾಧಾರಣವಾಗಿ ನೂರಕ್ಕೆ 4 ಅಥವಾ 5 ಪಾಲು ಆಮ್ಲವಿದ್ದು, ಉಳಿದುದೆಲ್ಲವೂ ಬಹುಮಟ್ಟಿಗೆ ನೀರೇ ಆಗಿದೆ. ಈ ಮಾತನ್ನು ಓದುಗರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲವೂ ಇದರ ಮೇಲೆಯೇ ನಿಂತಿದೆ.

ಫ್ರೆಂಚರು ಎಲೆಗೋಸು ಮೊದಲಾದ ಹಸಿ ಎಲೆಗಳಿಗೆ ಈ ರಸವನ್ನು ಹಚ್ಚಿ ತಿನ್ನುತ್ತಾರೆ. ಎಣ್ಣೆಯು ಮಾತ್ರ ಸೀಮೆಗೊಂದು ತೆರನಾಗಿರುವದು. ದಕ್ಷಿಣದ ಪ್ರೊವಾನ್ಸ್ ಸೀಮೆಯಲ್ಲಿ ಆಲಿವ್ ಎಣ್ಣೆ, ನೈಋತ್ಯದ ಪೆರಿಗೋರ್ ಸೀಮೆಯಲ್ಲಿ ಅಕ್ರೋಡದ ಎಣ್ಣೆ. ಹೊಲದಲ್ಲಿ ಏನು ಬೆಳೆಯುವದೋ ಅದೇ ಬಟ್ಟಲಿಗೆ ಬರುವದು. ಹಾಗಿರುವಾಗ ನಾವು ಆಲಿವ್ ಎಣ್ಣೆಗಾಗಿ ನೂರಾರು ರೂಪಾಯಿ ಚೆಲ್ಲುವದು ಬೇಕಿಲ್ಲ.

ಹಸಿ ಎಣ್ಣೆಯನ್ನು ಉಣ್ಣುವದು ನಮ್ಮ ಅಕ್ಕಲಕೋಟೆ, ಜತ್ತ, ಸೋಲಾಪುರದ ಸೀಮೆಗೆ ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಜೋಳದ ರೊಟ್ಟಿಯ ಮೇಲೆ ಗುರೆಳ್ಳಿನ ಹಿಂಡಿಯನ್ನೋ ಶೇಂಗಾ ಹಿಂಡಿಯನ್ನೋ ಇಟ್ಟು, ನಡುವೆ ಕುಣಿ ಮಾಡಿ, ಅದರಲ್ಲಿ ಗಾಣದ ಕುಸುಬೆಯ ಎಣ್ಣೆಯನ್ನು ಹಾಕಿಕೊಳ್ಳುವದು ನಮ್ಮ ಹಿರಿಯರ ರೂಢಿ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದು, ಬನ್ನಿಯ ಗಿಡದ ಕೆಳಗೆ ಕುಳಿತು ಉಣ್ಣುವಾಗ ಎಳೆಯ ಮೆಂತೆಪಲ್ಯ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಯ ತಪ್ಪಲು ಇವೆಲ್ಲ ಹಸಿಯಾಗಿಯೇ ಎಲೆಗೆ ಬರುತ್ತವೆ. ಪಚಡಿಯಲ್ಲಿಯೂ ಲಿಂಬೆಹಣ್ಣಿನ ಹುಳಿ ಉಂಟು, ಎಣ್ಣೆ ಉಂಟು, ಉಪ್ಪು ಉಂಟು. ವಿನೆಗ್ರೆಟ್ಟಿನ ಸಾಮಗ್ರಿಯೆಲ್ಲವೂ ನಮ್ಮ ಪಚಡಿಯಲ್ಲಿ ಇದ್ದೇ ಇದೆ. ಇರುವ ಭೇದವೆಂದರೆ, ನಾವು ಎಣ್ಣೆಯನ್ನೂ ಹುಳಿಯನ್ನೂ ಬೇರೆಬೇರೆಯಾಗಿ ಹಾಕಿ ಕೈಯಾಡಿಸುತ್ತೇವೆ. ಅವರು ಎರಡನ್ನೂ ಮೊದಲು ಬಟ್ಟಲಿನಲ್ಲಿ ಕಡೆದು ಒಂದುಗೂಡಿಸಿ, ಅನಂತರ ಹಾಕುತ್ತಾರೆ. ಹೆರೆದ ಗಜ್ಜರಿಗೆ ನಮ್ಮ ಪದ್ಧತಿಯೇ ಸಾಕು. ಆದರೆ ಎಲೆಗಳ ಮಟ್ಟಿಗೆ ಅವರ ಪದ್ಧತಿಯು ಹೆಚ್ಚು ಚೆನ್ನಾಗಿದೆಯೆಂದು, ಎರಡನ್ನೂ ಮಾಡಿ ತಿಂದು ನೋಡಿದ ಬಳಿಕ ನಮಗೆ ತೋರಿದೆ.

ಈಗ ವಿಜ್ಞಾನದ ಕಡೆಗೆ ಬರೋಣ. ಒಂದು ಗಾಜಿನ ಪ್ಯಾಲೆಯಲ್ಲಿ ಕಾಲು ಭಾಗ ವಿನೆಗರನ್ನೋ ಲಿಂಬೆಯ ರಸವನ್ನೋ ಹಾಕಿ, ಅದರ ಮೇಲೆ ಅರ್ಧದಷ್ಟು ಶೇಂಗಾ ಎಣ್ಣೆಯನ್ನು ಸುರುವಿರಿ. ಎಣ್ಣೆಯು ಮೇಲೆ ನಿಲ್ಲುವದು, ಹುಳಿಯು ಕೆಳಗೆ ನಿಲ್ಲುವದು. ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಮೇಲೆ ನಿಂತಿತೆಂಬುದು ಸರಿ. ಆದರೆ ಅದು ಬೆರೆಯದಿರುವದಕ್ಕೆ ಹಗುರವೇ ಕಾರಣವಲ್ಲ. ಮದ್ಯಸಾರವು ಎಣ್ಣೆಗಿಂತಲೂ ಹಗುರವಾಗಿದ್ದು, ನೀರಿನಲ್ಲಿ ಸಂಪೂರ್ಣವಾಗಿ ಬೆರೆಯುತ್ತದೆ! ಬಹಳಷ್ಟು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಮಾಡುವ ತಪ್ಪು ಇದೇ ಆಗಿರುವದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತಿದ್ದೇವೆ.

ನೀರಿನ ಪ್ರತಿಯೊಂದು ಅಣುವಿನಲ್ಲಿ ಒಂದು ಆಮ್ಲಜನಕದ ಪರಮಾಣು, ಎರಡು ಜಲಜನಕದ ಪರಮಾಣುಗಳು ಇವೆ. ಆಮ್ಲಜನಕದ ಬದಿಗೆ ಕೊಂಚ ಋಣ ವಿದ್ಯುತ್ತೂ ಜಲಜನಕದ ಬದಿಗೆ ಕೊಂಚ ಧನ ವಿದ್ಯುತ್ತೂ ಇರುತ್ತವೆ. ಈ ಕಾರಣದಿಂದ ಒಂದು ಅಣುವಿನ ಧನದ ತುದಿಯು ಇನ್ನೊಂದರ ಋಣದ ತುದಿಯನ್ನು ಎಳೆಯುತ್ತ, ನೀರಿನ ಅಣುಗಳೆಲ್ಲ ಜಾತ್ರೆಯಲ್ಲಿ ಕೈಕೈ ಹಿಡಿದ ಮಕ್ಕಳ ಗುಂಪಿನಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಣ್ಣೆಯ ಅಣುವಾದರೋ ಇಂಗಾಲ-ಜಲಜನಕಗಳ ಉದ್ದವಾದ ಸರಪಳಿ. ಅದರಲ್ಲಿ ಇಂತಹ ಧನ-ಋಣಗಳ ತುದಿಗಳು ಇಲ್ಲವೆನ್ನುವಷ್ಟು ಕಡಿಮೆ. ನೀರು ಅದನ್ನು ತಳ್ಳುತ್ತದೆಂದಲ್ಲ. ತನ್ನವರ ಕೈಯನ್ನು ಬಿಟ್ಟು ಅದರ ಕೈಯನ್ನು ಹಿಡಿಯಲಾರದು, ಅಷ್ಟೇ. ಉಪ್ಪಿನ ಸಂಗತಿಯೂ ಇದರಿಂದಲೇ ಸ್ಪಷ್ಟವಾಗುವದು. ಉಪ್ಪು ಎಂದರೆ ಧನ ವಿದ್ಯುತ್ತಿನ ಸೋಡಿಯಂ, ಋಣ ವಿದ್ಯುತ್ತಿನ ಕ್ಲೋರಿನ್ ಕಣಗಳ ಜೋಡಣೆ. ನೀರಿನ ಅಣುಗಳು ಎರಡೂ ಬಗೆಯ ಕಣಗಳನ್ನು ಸುತ್ತುವರಿದು ಎಳೆದು ಬಿಡಿಸಬಲ್ಲವು. ಎಣ್ಣೆಗೆ ಆ ಶಕ್ತಿಯಿಲ್ಲ. ನಮ್ಮ ಹುಡುಗನು ಎಣ್ಣೆಯಲ್ಲಿ ಉಪ್ಪನ್ನು ಇಡೀ ದಿನ ತಿರುವಿದ್ದರೂ ಹರಳುಗಳು ಹರಳುಗಳಾಗಿಯೇ ಉಳಿಯುತ್ತಿದ್ದವು. ಮೊದಲು ಹುಳಿಯಲ್ಲಿ ಉಪ್ಪನ್ನು ಹಾಕಿದ್ದರೆ ಅರ್ಧ ನಿಮಿಷದಲ್ಲಿ ಕರಗಿ, ಎಲ್ಲ ತುತ್ತಿಗೂ ಸಮನಾಗಿ ಹಂಚಿಕೆಯಾಗುತ್ತಿತ್ತು.

ಇನ್ನು ಅದೇ ಪ್ಯಾಲೆಯ ಬಾಯಿಯನ್ನು ಮುಚ್ಚಿ ಬಲವಾಗಿ ಅಲುಗಾಡಿಸಿರಿ. ಎರಡೂ ಸೇರಿ ಮಬ್ಬಾದ ಹಳದಿಯ ರಸವಾಗುವದು. ಇದು ದ್ರಾವಣವಲ್ಲ, ಒಂದರಲ್ಲಿ ಇನ್ನೊಂದು ಸಣ್ಣ ಸಣ್ಣ ಹನಿಗಳಾಗಿ ಚದುರಿದೆ, ಅಷ್ಟೇ. ಆ ಹನಿಗಳಿಗೆ ಬಡಿದ ಬೆಳಕು ಎಲ್ಲ ಕಡೆಗೂ ಚೆಲ್ಲುವದರಿಂದ ರಸವು ಮಬ್ಬಾಗಿ ಕಾಣುತ್ತದೆ. ಇದಕ್ಕೆ ಎಮಲ್ಷನ್ ಎಂದು ಹೆಸರು. ಹಿಂದಿಯ ಪುಸ್ತಕಗಳಲ್ಲಿ ಇದನ್ನು ‘ಪಾಯಸ’ವೆಂದು ಬರೆಯುತ್ತಾರೆ, ಆ ಶಬ್ದವನ್ನು ನಾವು ತರಗತಿಯಲ್ಲಿ ಬಳಸಿದರೆ ಹುಡುಗರ ಲಕ್ಷ್ಯವು ಶಾವಿಗೆಯ ಕಡೆಗೆ ಹರಿಯುವದರಿಂದ ಎಮಲ್ಷನ್ ಎಂದೇ ಕರೆಯುತ್ತ ಬಂದಿದ್ದೇವೆ. ಪ್ಯಾಲೆಯನ್ನು ಮೇಜಿನ ಮೇಲಿಟ್ಟು ಕೆಲವು ನಿಮಿಷ ಕಾಯಿರಿ. ಹನಿಗಳು ಒಂದನ್ನೊಂದು ಕೂಡಿ ದೊಡ್ಡವಾಗುತ್ತ, ಮೇಲಕ್ಕೇರುತ್ತ, ಕೊನೆಗೆ ಎಣ್ಣೆಯು ಮೇಲೆ ಹುಳಿಯು ಕೆಳಗೆ ಮೊದಲಿನಂತೆಯೇ ನಿಲ್ಲುವವು.

ಹಾಗಾದರೆ ಬಿಡದ ಎಮಲ್ಷನ್ ಇಲ್ಲವೇ? ನಿಮ್ಮ ಮನೆಯ ಹಾಲೇ ಅಂತಹದು. ಹಾಲಿನ ಕೊಬ್ಬು ಮಿಲಿಮೀಟರಿನ ಕೆಲವೇ ಸಾವಿರಾಂಶದಷ್ಟು ಗಾತ್ರದ ಹನಿಗಳಾಗಿ ನೀರಿನಲ್ಲಿ ತೇಲುತ್ತಿದೆ. ಒಂದೊಂದು ಹನಿಯ ಸುತ್ತಲೂ ತೆಳುವಾದ ಪೊರೆಯಿರುವದರಿಂದ ಅವು ಒಂದರೊಳಗೊಂದು ಸೇರಿಬಿಡುವದಿಲ್ಲ. ಅಜ್ಜಿಯು ಕಡಗೋಲನ್ನು ಆಡಿಸುವಾಗ ನಡೆಯುವದು ಇದರ ವಿರುದ್ಧ ಕ್ರಿಯೆ: ಪೊರೆಗಳು ಹರಿದು, ಕೊಬ್ಬಿನ ಹನಿಗಳು ಒಂದಾಗಿ ಬೆಣ್ಣೆಯ ಮುದ್ದೆಯು ಮೇಲೆ ಬರುವದು. ಆ ಬೆಣ್ಣೆಯೂ ಇನ್ನೊಂದು ಬಗೆಯ ಎಮಲ್ಷನ್ನೇ. ಅದರಲ್ಲಿ ಕೊಬ್ಬಿನ ನಡುವೆ ನೀರಿನ ಹನಿಗಳು ಅಡಗಿವೆ. ಬೆಣ್ಣೆಯನ್ನು ಕಾಯಿಸುವಾಗ ಚಟಪಟ ಸದ್ದಾಗುವದು ಆ ನೀರಿನಿಂದ.

ನಮ್ಮ ರಸಕ್ಕೂ ಇಂತಹ ಒಂದು ಪೊರೆ ಬೇಕು. ಅದನ್ನು ಕೊಡುವದು ಸಾಸಿವೆ. ಸಾಸಿವೆಯ ಸಿಪ್ಪೆಯಲ್ಲಿ ನೀರು ತಾಗಿದೊಡನೆ ಲೋಳೆಯಾಗುವ ಪದಾರ್ಥವಿದೆ, ಒಳಗಿನ ಬೇಳೆಯಲ್ಲಿ ಪ್ರೋಟೀನು ಇದೆ. ಇವು ಎಣ್ಣೆಯ ಹನಿಗಳ ಸುತ್ತಲೂ ನಿಂತು ಅವು ಪರಸ್ಪರ ಕೂಡದಂತೆ ತಡೆಯುತ್ತವೆ, ಹುಳಿಯ ಭಾಗವನ್ನೂ ತುಸು ಮಂದವಾಗಿಸುತ್ತವೆ. ಫ್ರಾನ್ಸದ ದೀಜೋನ್ ಪಟ್ಟಣದ ಹೆಸರಿನಿಂದ ಮಾರುವ ಸಾಸಿವೆಯ ಮುದ್ದೆಯು ಬೆಲೆಯುಳ್ಳದ್ದು. ಆದರೆ ಅದಕ್ಕೆ ಬಳಸುವ ಕಂದು ಸಾಸಿವೆಯೂ ನಮ್ಮ ಒಗ್ಗರಣೆಯ ಡಬ್ಬಿಯಲ್ಲಿರುವ ಸಾಸಿವೆಯೂ ಒಂದೇ ಜಾತಿಗೆ ಸೇರಿದವು. ಆದುದರಿಂದ ಒಂದು ಸಣ್ಣ ಚಮಚೆ ಸಾಸಿವೆಯನ್ನು ನುಣ್ಣಗೆ ಪುಡಿಮಾಡಿ, ಎರಡು ಸಣ್ಣ ಚಮಚೆ ತಣ್ಣೀರಿನಲ್ಲಿ ಕಲಸಿ, ಹತ್ತು ನಿಮಿಷ ಇಟ್ಟರೆ ನಮ್ಮ ಕೆಲಸ ಆಯಿತು.

ಈ ಹತ್ತು ನಿಮಿಷವೇಕೆ? ಇಡಿಯ ಸಾಸಿವೆಯನ್ನು ಬಾಯಿಗೆ ಹಾಕಿಕೊಂಡರೆ ಖಾರವಿಲ್ಲ. ಅದನ್ನು ಅರೆದು ನೀರು ತಾಗಿಸಿದಾಗ ಮಾತ್ರ, ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಎರಡು ಪದಾರ್ಥಗಳು ಕೂಡಿ, ಒಂದು ಕಿಣ್ವವು ಇನ್ನೊಂದನ್ನು ಒಡೆದು, ಮೂಗಿಗೆ ಏರುವ ಖಾರವನ್ನು ಹುಟ್ಟಿಸುತ್ತದೆ. ಕಾದ ಎಣ್ಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಆ ಕಿಣ್ವವು ಸತ್ತುಹೋಗಿರುವದರಿಂದ ಒಗ್ಗರಣೆಗೆ ಪರಿಮಳವಿರುವದು, ಖಾರವಿರುವದಿಲ್ಲ. ಬಿಸಿನೀರಿನಲ್ಲಿ ಕಲಸಿದರೂ ಹೀಗೆಯೇ. ಹುಳಿಯನ್ನು ಮೊದಲೇ ಹಾಕಿದರೆ ಕಿಣ್ವದ ಕೆಲಸವು ಮಂದವಾಗುವದು. ಮೊದಲು ತಣ್ಣೀರು, ಬಳಿಕ ಹುಳಿ ಎಂಬ ಕ್ರಮಕ್ಕೆ ಇದೇ ಕಾರಣ. ಮಕ್ಕಳಿಗೆ ಖಾರ ಬೇಡವಾದರೆ ಬಿಸಿನೀರನ್ನೇ ಬಳಸಬಹುದು. ಲೋಳೆಯ ಗುಣವು ಅದರಿಂದ ಕೆಡುವದಿಲ್ಲ.

ಮಾಡುವ ರೀತಿಯನ್ನು ಈಗ ಹೇಳುತ್ತೇವೆ. ನಾಲ್ವರಿಗೆ ಸಾಕಾಗುವಷ್ಟು ಎಲೆಗಳಿಗೆ ಒಂದು ದೊಡ್ಡ ಚಮಚೆ, ಅಂದರೆ ಸುಮಾರು 15 ಮಿಲಿಲೀಟರ್ ವಿನೆಗರ್ ಬೇಕು. ಅದನ್ನು ಗಾಜಿನ ಅಥವಾ ಸ್ಟೀಲಿನ ಬಟ್ಟಲಿನಲ್ಲಿ ಹಾಕಿ, ಕಾಲು ಸಣ್ಣ ಚಮಚೆ ಉಪ್ಪನ್ನು ಸೇರಿಸಿ, ಹರಳು ಕಾಣದಂತೆ ಕರಗಿಸಬೇಕು. ಅರ್ಧ ಸಣ್ಣ ಚಮಚೆ ಸಾಸಿವೆಯ ಮುದ್ದೆ, ಒಂದು ಚಿಟಿಕೆ ಮೆಣಸಿನ ಪುಡಿ (ಕರಿಮೆಣಸು, ಕೆಂಪು ಖಾರವಲ್ಲ) ಇವನ್ನು ಕೂಡಿಸಬೇಕು. ಇನ್ನು ಮೂರು ದೊಡ್ಡ ಚಮಚೆ ಎಣ್ಣೆ. ಇದನ್ನು ಒಮ್ಮೆಲೇ ಸುರುವಬಾರದು. ಮೊದಲು ಹನಿಹನಿಯಾಗಿ, ಬಳಿಕ ನೂಲಿನ ಎಳೆಯಂತೆ ಬಿಡುತ್ತ, ಇನ್ನೊಂದು ಕೈಯಿಂದ ಮುಳ್ಳುಚಮಚೆಯಿಂದಾಗಲಿ ಸಣ್ಣ ಕಡಗೋಲಿನಿಂದಾಗಲಿ ಬಿಡದೆ ಕಡೆಯುತ್ತಿರಬೇಕು. ಒಬ್ಬರು ಎಣ್ಣೆ ಬಿಡುವದು, ಒಬ್ಬರು ಕಡೆಯುವದು ಎಂದು ಅಣ್ಣತಂಗಿಯರು ಕೆಲಸವನ್ನು ಹಂಚಿಕೊಂಡರೆ ಇನ್ನೂ ಸುಲಭ. ಎಲ್ಲ ಎಣ್ಣೆಯೂ ಸೇರುವ ಹೊತ್ತಿಗೆ ರಸವು ತೆಳುವಾದ ಕೆನೆಯಂತೆ ಮಂದವಾಗುವದು.

ಎರಡು ತೆಳು ಪದಾರ್ಥಗಳನ್ನು ಕೂಡಿಸಿದರೆ ಮೂರನೆಯದು ಮಂದವೇಕೆ ಆಯಿತು? ಗಣಿತದಲ್ಲಿ ಆಸಕ್ತಿಯುಳ್ಳವರು ಇದನ್ನು ವಿಚಾರಿಸಬೇಕು. ಸಮಗಾತ್ರದ ಗುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಎಷ್ಟು ಚೊಕ್ಕಟವಾಗಿ ಅಡಕಿದರೂ ಅವು ನೂರಕ್ಕೆ ಸುಮಾರು 74 ಪಾಲು ಸ್ಥಳವನ್ನು ಮಾತ್ರ ತುಂಬಬಲ್ಲವು. ನಮ್ಮ ರಸದಲ್ಲಿ ನಾಲ್ಕು ಪಾಲಿಗೆ ಮೂರು ಪಾಲು, ಅಂದರೆ ನೂರಕ್ಕೆ 75 ಪಾಲು ಎಣ್ಣೆ! ಹನಿಗಳು ಸಮಗಾತ್ರದವಲ್ಲವಾದುದರಿಂದ ದೊಡ್ಡವುಗಳ ಸಂದಿನಲ್ಲಿ ಚಿಕ್ಕವು ಹೊಕ್ಕು ಹೇಗೋ ಸ್ಥಳ ಮಾಡಿಕೊಳ್ಳುತ್ತವೆ. ಆದರೆ ಸಂತೆಯ ದಿನದ ಬಸ್ಸಿನಲ್ಲಿಯ ಜನರಂತೆ ಒಂದಕ್ಕೊಂದು ಒತ್ತಿಕೊಂಡು, ಹರಿದಾಡಲು ತೆರಪಿಲ್ಲದೆ ನಿಲ್ಲುತ್ತವೆ. ಆ ಒತ್ತಡವೇ ಮಂದತನ. ಇನ್ನೂ ಹೆಚ್ಚು ಎಣ್ಣೆಯನ್ನು ತುರುಕಿದರೆ ಒಂದು ಮಿತಿಯಲ್ಲಿ ಈ ವ್ಯವಸ್ಥೆಯೇ ಮುರಿದು ಎಣ್ಣೆಯು ಬೇರೆ ನಿಲ್ಲುವದು.

ಮೂರಕ್ಕೆ ಒಂದು ಎಂಬುದು ಫ್ರೆಂಚರ ಅಡಿಗೆಯ ಪರಂಪರೆಯ ಲೆಕ್ಕ. ಅದೇನು ಕಾಯಿದೆಯಲ್ಲ. ಹುಳಿಯನ್ನು ಬಲ್ಲ ನಮ್ಮ ನಾಲಿಗೆಗೆ ಎರಡಕ್ಕೆ ಒಂದು ಎಂಬುದೇ ಹಿತವೆಂದು ತೋರುವದು. ಎಣ್ಣೆಯ ಉಳಿತಾಯವೂ ಆಗುವದು. ವಿನೆಗರಿನ ಬದಲು ಲಿಂಬೆಯ ರಸವನ್ನು ಹಾಕುವವರು, ಹಣ್ಣಿನಿಂದ ಹಣ್ಣಿಗೆ ಹುಳಿಯು ಬೇರೆಯಾಗುವದರಿಂದ, ಮೊದಲು ತುಸು ಕಡಿಮೆ ಹಾಕಿ ರುಚಿ ನೋಡಿ ಹೆಚ್ಚಿಸಬೇಕು. ಬೀಜಗಳನ್ನು ಸೋಸಲು ಮರೆಯಬಾರದು. ಹುಣಸೆಯ ರಸದಿಂದಲೂ ಮಾಡಬಹುದು. ಬಣ್ಣವು ಮಾತ್ರ ಕೆಸರಿನಂತಾಗಿ ಮಕ್ಕಳು ಮೂಗು ಮುರಿಯುತ್ತಾರೆ. ಒಂದು ಕಡಲೆಯಷ್ಟು ಬೆಲ್ಲವನ್ನು ಹುಳಿಯಲ್ಲಿ ಕರಗಿಸಿದರೆ ಹುಳಿಯ ಚುಚ್ಚು ತಗ್ಗುವದು. ರುಚಿಯನ್ನು ಬೆರಳದ್ದಿ ನೋಡುವದಕ್ಕಿಂತ ಒಂದು ಎಲೆಯನ್ನು ಅದ್ದಿ ತಿಂದು ನೋಡುವದು ಒಳ್ಳೆಯದು. ಬರಿಯ ರಸವು ಯಾವಾಗಲೂ ಹೆಚ್ಚು ಹುಳಿಯೆನಿಸುವದು.

ರಸವು ಎಷ್ಟೇ ಚೆನ್ನಾಗಿದ್ದರೂ ಎಲೆಗಳು ಒದ್ದೆಯಾಗಿದ್ದರೆ ಎಲ್ಲವೂ ವ್ಯರ್ಥ. ಮೆಂತೆ, ಕೊತ್ತಂಬರಿ, ಪಾಲಕ, ಎಲೆಗೋಸು ಇವುಗಳ ಬೇರಿನ ಕಡೆಯ ಮಣ್ಣನ್ನು ತೆಗೆದು, ಕುಡಿಯಲು ಯೋಗ್ಯವಾದ ನೀರನ್ನು ಮೂರು ನಾಲ್ಕು ಸಲ ಬದಲಿಸಿ ತೊಳೆಯಬೇಕು. ಹಸಿಯಾಗಿ ತಿನ್ನುವ ಪದಾರ್ಥವಾದುದರಿಂದ ಇಲ್ಲಿ ಆಲಸ್ಯವು ಸಲ್ಲದು; ಮಳೆಗಾಲದಲ್ಲಿ ಎಲೆಗಳಿಗಿಂತ ಸಿಪ್ಪೆ ಹೆರೆಯಬಹುದಾದ ಗಜ್ಜರಿ, ಸವತೆಕಾಯಿಗಳನ್ನೇ ಆರಿಸಿಕೊಳ್ಳುವದು ಲೇಸು. ತೊಳೆದ ಎಲೆಗಳನ್ನು ಶುಭ್ರವಾದ ತೆಳು ಧೋತರದ ತುಂಡಿನಲ್ಲಿ ಗಂಟುಕಟ್ಟಿ, ಅಂಗಳದಲ್ಲಿ ನಿಂತು ತೋಳನ್ನು ಗಾಲಿಯಂತೆ ತಿರುಗಿಸಿದರೆ ನೀರು ಸಿಡಿದು ಹೋಗುವದು. ಫ್ರೆಂಚರ ಮನೆಗಳಲ್ಲಿ ಇದಕ್ಕಾಗಿಯೇ ತಂತಿಯ ಬುಟ್ಟಿಯಿರುತ್ತಿತ್ತು. ಹೀಗೇಕೆಂದರೆ ಎಲೆಯ ಮೇಲ್ಮೈಯಲ್ಲಿ ಮೇಣದಂತಹ ತೆಳು ಲೇಪವಿದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವದು ಇದರಿಂದಲೇ. ಬರಿಯ ಹುಳಿಯೂ ಹಾಗೆಯೇ ಉರುಳಿ ತಾಟಿನ ತಳವನ್ನು ಸೇರುವದು. ಎಣ್ಣೆಯಾದರೆ ಮೇಣಕ್ಕೆ ಹತ್ತಿಕೊಳ್ಳುವದು. ಎಣ್ಣೆಯ ಜೊತೆಗೆ ಕಡೆದ ಹುಳಿಯೂ ಆ ಸಂಗಡವೇ ಎಲೆಗೆ ಅಂಟುವದು. ಎಲೆಗಳ ಮಟ್ಟಿಗೆ ಕಡೆಯುವ ಪದ್ಧತಿಯು ಮೇಲೆಂದು ನಾವು ಹೇಳಿದ್ದರ ಕಾರಣವು ಇದು.

ರಸವನ್ನು ಹಾಕುವದು ಉಣ್ಣಲು ಕುಳಿತ ಮೇಲೆಯೇ. ಮುಂಚಿತವಾಗಿ ಹಾಕಿಟ್ಟರೆ ಉಪ್ಪು ಕಾಯಿಪಲ್ಯದೊಳಗಿನ ನೀರನ್ನು ಹೊರಕ್ಕೆ ಎಳೆಯುವದು. ಹೆಚ್ಚಿದ ಸವತೆಕಾಯಿಗೆ ಉಪ್ಪನ್ನು ಸವರಿ ಒಂದು ಕಾಲು ಗಂಟೆ ಇಟ್ಟರೆ ತಟ್ಟೆಯಲ್ಲಿ ನಿಲ್ಲುವ ನೀರನ್ನು ನೋಡಿರಿ. ಅಭಿಸರಣದ ಪಾಠಕ್ಕೆ ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ. ಎಲೆಗಳನ್ನು ಬಾಡಿಸುವದರಲ್ಲಿ ಎಣ್ಣೆಯ ಪಾಲೂ ಇದೆ. ಅದು ಮೇಣದ ಲೇಪದ ಮೂಲಕ ಒಳಕ್ಕಿಳಿದು, ಎಲೆಯೊಳಗಿನ ಗಾಳಿಯ ತೆರಪುಗಳನ್ನು ತುಂಬಿ, ಎಲೆಯು ಕಪ್ಪಾಗಿ ಮೆತ್ತಗಾಗುವದು.

ಪಾಲಕರು ಇಲ್ಲಿ ಕೇಳಬಹುದು: ಎಣ್ಣೆಯಿಲ್ಲದೆ ಬರಿಯ ಗಜ್ಜರಿಯನ್ನೇ ಕೊಟ್ಟರೆ ಸಾಲದೇ, ಎಣ್ಣೆಯ ಖರ್ಚೇಕೆ? ಗಜ್ಜರಿಯ ಕೆಂಪಿನಲ್ಲಿಯೂ ಸೊಪ್ಪುಗಳ ಹಸುರಿನ ಮರೆಯಲ್ಲಿಯೂ ಕೆರೋಟಿನ್ ಎಂಬ ವರ್ಣದ್ರವ್ಯವಿದ್ದು, ಅದರಿಂದ ಶರೀರವು ಕಣ್ಣಿಗೆ ಅವಶ್ಯವಾದ ‘ಎ’ ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ಕೆರೋಟಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವದು. 2004ರಲ್ಲಿ ಅಮೆರಿಕೆಯ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಹಸಿ ಕಾಯಿಪಲ್ಯವನ್ನು ಎಣ್ಣೆಯೇ ಇಲ್ಲದ ರಸದೊಡನೆ, 6 ಗ್ರಾಂ ಎಣ್ಣೆಯ ರಸದೊಡನೆ, 28 ಗ್ರಾಂ ಎಣ್ಣೆಯ ರಸದೊಡನೆ ತಿನ್ನಿಸಿ ರಕ್ತವನ್ನು ಪರೀಕ್ಷಿಸಿದರು. ಎಣ್ಣೆಯಿಲ್ಲದಾಗ ರಕ್ತಕ್ಕೆ ಸೇರಿದ ಕೆರೋಟಿನ್ ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಎಣ್ಣೆ ಹೆಚ್ಚಿದಂತೆ ಅದೂ ಹೆಚ್ಚಿತು. ಆದರೆ ಇದನ್ನೋದಿ ಯಾರೂ ಎಣ್ಣೆಯ ಡಬ್ಬಿಯನ್ನು ಬೋರಲು ಹಾಕಬಾರದು. ಒಂದು ದೊಡ್ಡ ಚಮಚೆ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿಗಳಿವೆ. ಊಟದಲ್ಲಿ ಶೇಂಗಾ ಹಿಂಡಿಯೋ ಎಣ್ಣೆಯ ಪಲ್ಯವೋ ಇದ್ದ ದಿನ ಆ ಎಣ್ಣೆಯೇ ಕೆಲಸ ಮಾಡುವದು; ಲಿಂಬೆಯ ರಸವೊಂದನ್ನೇ ಹಿಂಡಿದರೆ ಸಾಕು.

ಲಿಂಬೆಯ ಮಾತು ಬಂದುದರಿಂದ ನಮ್ಮ ಮನಸ್ಸಿನಲ್ಲಿ ಬಹುದಿನಗಳಿಂದ ಇರುವ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಪ್ರಾರ್ಥನೆಯ ಸಮಯದಲ್ಲಿ ಕಣ್ಣು ಕತ್ತಲೆಗಟ್ಟಿ ಕುಳಿತುಬಿಡುವ ಹೆಣ್ಣುಮಕ್ಕಳನ್ನು ಯಾವ ಶಾಲೆಯ ಶಿಕ್ಷಕರೂ ಬಲ್ಲರು. ಸಜ್ಜೆಯಲ್ಲಿ, ಮೆಂತೆಯಲ್ಲಿ, ಕಾಳುಗಳಲ್ಲಿ ಕಬ್ಬಿಣವಿದೆ; ಆದರೆ ಸಸ್ಯಗಳಲ್ಲಿಯ ಕಬ್ಬಿಣವನ್ನು ಶರೀರವು ಸುಲಭವಾಗಿ ಹೀರದು. ಅದೇ ಊಟದಲ್ಲಿ ‘ಸಿ’ ಜೀವಸತ್ವವಿದ್ದರೆ ಹೀರುವಿಕೆಯು ಹೆಚ್ಚುವದು. ಲಿಂಬೆಯಲ್ಲಿ ಅದು ಹೇರಳವಾಗಿದೆ, ವಿನೆಗರಿನಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಈ ಕಾರಣಕ್ಕಾಗಿ ಫ್ರೆಂಚರ ಪದ್ಧತಿಯನ್ನು ಕಲಿತರೂ ಹುಳಿಯ ಮಟ್ಟಿಗೆ ನಮ್ಮ ಮತವು ಲಿಂಬೆಯ ಕಡೆಗೇ ಇದೆ. ಊಟ ಮುಗಿದೊಡನೆ ಕುಡಿಯುವ ಚಹವು ಇದಕ್ಕೆ ವಿರುದ್ಧವಾಗಿ ಕಬ್ಬಿಣವನ್ನು ತಡೆಹಿಡಿಯುತ್ತದೆ. ಒಂದು ತಾಸಾದರೂ ಬಿಟ್ಟು ಕುಡಿಯಬೇಕು. ರಕ್ತಹೀನತೆಯಿದ್ದವರಿಗೆ ಪಚಡಿಯೊಂದೇ ಔಷಧವಾಗದು. ಕಬ್ಬಿಣದ ಗುಳಿಗೆಯನ್ನು ಕೊಟ್ಟರೆ ಅದನ್ನು ಗಟಾರಿಗೆ ಎಸೆಯದೆ ನುಂಗಬೇಕೆಂದು ತಾಯಂದಿರು ಮಕ್ಕಳಿಗೆ ಹೇಳಬೇಕು.

ಕೆಲವು ಎಚ್ಚರಿಕೆಗಳು. ಹುಳಿಯ ಪದಾರ್ಥವನ್ನು ಕಲಾಯಿ ಹೋದ ಹಿತ್ತಾಳೆ-ತಾಮ್ರದ ಪಾತ್ರೆಗಳಲ್ಲಿ ಮಾಡಿದರೆ ಕಿಲುಬು ಏಳುವದು, ಅದು ವಿಷ. ಪೇಟೆಯ ಅಗ್ಗದ ವಿನೆಗರ್ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದಾಗಿರಬಹುದು; ಶೀಶೆಯ ಮೇಲೆ ಹಾಗೆಂದು ಬರೆದಿರುವದನ್ನು ಓದಿ ಕೊಳ್ಳಬೇಕು. ಪ್ರಯೋಗಶಾಲೆಯ ಕಪಾಟಿನಲ್ಲಿರುವ ತೀಕ್ಷ್ಣ ಅಸಿಟಿಕ್ ಆಮ್ಲವು ಚರ್ಮವನ್ನೂ ಗಂಟಲನ್ನೂ ಸುಡುವಂತಹದು. ಅದೂ ವಿನೆಗರಿನ ಆಮ್ಲವೇ ಎಂದು ಜಾಣತನ ತೋರಿಸಿ ಯಾವ ವಿದ್ಯಾರ್ಥಿಯೂ ಅದನ್ನು ಮುಟ್ಟಕೂಡದು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗೆ ಇಡುವದೂ ಅಪಾಯ. ಗಾಳಿಯಿಲ್ಲದ ಸ್ಥಳದಲ್ಲಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮ ಜೀವಿಯು ಅಲ್ಲಿ ಘೋರವಾದ ವಿಷವನ್ನು ಉಂಟುಮಾಡಬಹುದು. ಬೆಳ್ಳುಳ್ಳಿಯ ರುಚಿ ಬೇಕಾದವರು ಜಜ್ಜಿ ಹಾಕಿ ಅದೇ ಹೊತ್ತಿಗೆ ಉಂಡು ಮುಗಿಸಬೇಕು. ಎಣ್ಣೆಯ ವಿಷಯವಾಗಿ ಹೇಳುವದಾದರೆ, ಗಾಣದ ಎಣ್ಣೆಯು ಹಸಿಯಾಗಿ ಉಣ್ಣಲು ಬಹಳ ರುಚಿ. ಆದರೆ ಕುಸುಬೆಯ ಎಣ್ಣೆಯು ಬೆಳಕಿಗೂ ಗಾಳಿಗೂ ಬೇಗನೆ ಕಮಟುವದರಿಂದ ಸ್ವಲ್ಪಸ್ವಲ್ಪವಾಗಿ ತಂದು ಕತ್ತಲೆಯಲ್ಲಿಡಬೇಕು. ನಮ್ಮ ಸೀಮೆಯಲ್ಲಿ ಕುಸುಬೆಯ ಹೊಲಗಳೇ ಕಡಿಮೆಯಾಗುತ್ತ ಬಂದಿವೆ, ಅದು ಬೇರೆಯ ಮಾತು.

ಆ ಹುಡುಗನು ಬಂದು ಹೋದ ಬಳಿಕ ಒಂದು ಶನಿವಾರ ಬೆಳಗಿನ ಶಾಲೆಯಲ್ಲಿ ನಾವು ಒಂಬತ್ತನೆಯ ಇಯತ್ತೆಯವರೊಡನೆ ಈ ಪ್ರಯೋಗವನ್ನು ಮಾಡಿದೆವು. ಮೊದಲನೆಯ ಬಟ್ಟಲನ್ನು ನಾವೇ ಕಡೆದೆವು. ಮಾತಾಡುವ ಭರದಲ್ಲಿ ಎಣ್ಣೆಯನ್ನು ದಬದಬನೆ ಸುರುವಿದ್ದರಿಂದ ರಸವು ಒಡೆದು ಎರಡಾಯಿತು. ಹುಡುಗಿಯರ ಸಾಲಿನಲ್ಲಿ ನಗು ಕೇಳಿಸಿತು. ಒಡೆದ ರಸವನ್ನು ಚೆಲ್ಲಬೇಕಾಗಿಲ್ಲ. ಬೇರೊಂದು ಬಟ್ಟಲಿನಲ್ಲಿ ಅರ್ಧ ಚಮಚೆ ಸಾಸಿವೆಯ ಮುದ್ದೆಯನ್ನಿಟ್ಟು, ಒಡೆದ ರಸವನ್ನು ಅದಕ್ಕೆ ಹನಿಹನಿಯಾಗಿ ಬಿಡುತ್ತ ಕಡೆದರೆ ಮತ್ತೆ ಕೂಡುವದು; ಹಾಗೆಯೇ ಕೂಡಿತು. ಅನಂತರ ವಿನೆಗರ್, ಲಿಂಬೆ, ಹುಣಸೆ ಮೂರು ಬಗೆಯ ರಸಗಳನ್ನು ಮೆಂತೆಯ ಮೇಲೆಯೂ ಗಜ್ಜರಿಯ ಮೇಲೆಯೂ ಹಾಕಿ ಹಂಚಿದೆವು. ವಿನೆಗರಿನ ವಾಸನೆಯನ್ನು ಬಹುಮಂದಿ ಒಪ್ಪಲಿಲ್ಲ. ಲಿಂಬೆ, ಶೇಂಗಾ ಎಣ್ಣೆ, ಸಾಸಿವೆ, ಬೆಲ್ಲ ಇವು ಕೂಡಿದ ಬಟ್ಟಲು ಮೊದಲು ಬರಿದಾಯಿತು. ಮೆಂತೆಯನ್ನು ಕಹಿಯೆಂದು ಮುಟ್ಟದಿದ್ದ ಒಬ್ಬನು ಎರಡನೆಯ ಸಲ ಕೈಯೊಡ್ಡಿದನು.

ಪುಣೆಯ ಹುಡುಗನಿಗೆ ಈ ಕ್ರಮವನ್ನೆಲ್ಲ ಒಂದು ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು ಕಳಿಸಿದೆವು. ಈಗ ಅವನೇ ಅಲ್ಲಿ ದಿನವೂ ಆ ರಸವನ್ನು ಕಡೆಯುವವನು. ಕಾಗದವನ್ನು ಕಪಾಟಿನ ಬಾಗಿಲಿಗೆ ಹಚ್ಚಿದ್ದಾನಂತೆ. ಓದಲು ಬಾರದ ಜೊತೆಗಾರರಿಗೆ ಅದನ್ನು ಓದಿ ಅರ್ಥ ಹೇಳುವದೂ ಅವನ ಪಾಲಿಗೇ ಬಂದಿದೆ. ಉಳಿದ ರಸವನ್ನು ಏನು ಮಾಡಬೇಕೆಂದು ಮರುಕಾಗದದಲ್ಲಿ ಕೇಳಿದ್ದನು. ಬೆಳ್ಳುಳ್ಳಿ ಹಾಕದ ರಸವಾದರೆ ಗಾಜಿನ ಶೀಶೆಯಲ್ಲಿ ತಂಪು ಪೆಟ್ಟಿಗೆಯಲ್ಲಿಟ್ಟು ಎರಡು ಮೂರು ದಿನ ಬಳಸಬಹುದು; ಎರಡಾಗಿ ನಿಂತಿದ್ದರೆ ಮತ್ತೊಮ್ಮೆ ಅಲುಗಾಡಿಸಬೇಕು, ಅಷ್ಟೇ. ಮೊಳಕೆ ಬಂದ ಮಡಿಕೆ ಕಾಳನ್ನು ಕುದಿಸಿ, ಅದರ ಮೇಲೆ ಇದನ್ನು ಹಾಕಿದರೂ ರುಚಿಯಾಗುವದು. ಬರಿದಾದ ಶೀಶೆಯನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆಯಬೇಕು. ತಣ್ಣೀರಿಗೆ ಅದರ ಜಿಡ್ಡು ಹೋಗದು.